ಅರ್ಥಶಾಸ್ತ್ರದಲ್ಲಿ ಗೃಹಕ್ರಯವಿಚಾರ

ಮನೆಯನ್ನು ಎಂದು ಕೊಳ್ಳಬೇಕೆಂಬ ಪ್ರಶ್ನೆಗೆ ಈಗಿನವರು ಬೆಲೆಯ ಏರಿಳಿತದಲ್ಲಿ ಉತ್ತರವನ್ನರಸುವರು. ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲೀಯ ಅರ್ಥಶಾಸ್ತ್ರವು ಬೇರೆ ದಾರಿಯನ್ನು ತೋರುತ್ತದೆ.

ಅದರ ಮೂರನೆಯ ಅಧಿಕರಣದ ಒಂಬತ್ತನೆಯ ಅಧ್ಯಾಯದಂತೆ, ಮಾರಾಟಕ್ಕೆ ಬಂದ ವಾಸ್ತುವನ್ನು ಕೊಳ್ಳುವ ಅಧಿಕಾರವು ಮೊದಲು ಜ್ಞಾತಿಗಳಿಗೆ, ಬಳಿಕ ಸಾಮಂತರಿಗೆ, ಆಮೇಲೆ ಧನಿಕರಿಗೆ. ಹೊರಗಿನವರ ಸರದಿ ಕಡೆಯದು. ಇಲ್ಲಿ ಸಾಮಂತನೆಂದರೆ ನಮ್ಮ ಕಾವ್ಯಗಳ ಮಾಂಡಲಿಕನಲ್ಲ, ಎಲ್ಲೆಗೆ ಹೊಂದಿದ ನೆರೆಯವನು. ಧನಿಕನು ಸಿರಿವಂತನಲ್ಲ, ಸಾಲ ಕೊಟ್ಟವನು. ಕನ್ನಡದ ರೂಢಾರ್ಥವನ್ನು ಹಿಡಿದು ಪಾಠ ಹೇಳಿದರೆ ವಿಧಿಯೇ ತಲೆಕೆಳಗಾಗುವುದು. ನೆರೆಯ ನಲವತ್ತು ಕುಲಗಳವರ ಮುಂದೆ, ಮನೆಯ ಎದುರಿನಲ್ಲೇ, ಮಾರಾಟವನ್ನು ಸಾರಬೇಕು. ಬೆಲೆಯನ್ನು ಮೂರು ಸಲ ಕೂಗಿದರೂ ಅಡ್ಡಿ ಬಾರದಿದ್ದರೆ ಕೊಳ್ಳುವವನಿಗೆ ಕ್ರಯವು ದಕ್ಕುವುದು. ಪೈಪೋಟಿಯಿಂದ ಏರಿದ ಹೆಚ್ಚಳವು ಸುಂಕದೊಡನೆ ಬೊಕ್ಕಸಕ್ಕೆ. ಮಾರುವವನಿಗೆ ಅದರಲ್ಲಿ ಕಾಸೂ ಇಲ್ಲ. ಆದುದರಿಂದ ಕೌಟಿಲ್ಯನ ಮತದಲ್ಲಿ ಕ್ರಯಕಾಲವು ಬೆಲೆ ಇಳಿದ ಗಳಿಗೆಯಲ್ಲ, ತಕರಾರು ಇಲ್ಲವೆಂದು ತೋರಿದ ಗಳಿಗೆ.

ಆ ನಲವತ್ತು ಕುಲಗಳ ಸ್ಥಾನದಲ್ಲಿ ಈಗ ನೋಂದಣಿಯ ಕಚೇರಿಯಿದೆ. ಕಟ್ಟುತ್ತಿರುವ ಮನೆಗಾದರೆ, 2016ರ ಶಾಸನದಂತೆ, ಲಿಖಿತ ಕರಾರಿಲ್ಲದೆ ಬೆಲೆಯ ನೂರಕ್ಕೆ ಹತ್ತನ್ನು ಮೀರಿ ಮುಂಗಡವನ್ನು ಪಡೆಯಲಾಗದು. ಹಳೆಯ ಮನೆಗೆ ಋಣಭಾರಪತ್ರವನ್ನು ನೋಡುವೆವು. ಅದು ನೋಂದಾಯಿತವಾದ ಅಡಮಾನ ಮಾರಾಟಗಳನ್ನು ಹೇಳೀತೇ ಹೊರತು ಜ್ಞಾತಿಗಳ ಪಾಲನ್ನು ಹೇಳದು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಸ್ವತ್ತಿನಲ್ಲಿ ಮಗಳೂ ಮಗನಂತೆ ಭಾಗಸ್ಥಳು.

ಈ ಅಧ್ಯಾಯವನ್ನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ವರ್ಷವೇ ನಾನು, ಬೆಲೆ ಸುಲಭವೆಂದು, ಹಳೆಯ ಮನೆಯೊಂದಕ್ಕೆ ಮುಂಗಡ ತೆತ್ತೆನು. ಮಾರುವವನ ತಂಗಿಗೂ ಅದರಲ್ಲಿ ಭಾಗವುಂಟೆಂದು ಮೂರನೆಯ ದಿನ ತಿಳಿಸಿದವರು ಪಕ್ಕದ ಮನೆಯವರು, ಎಂದರೆ ಸಾಮಂತರು.