ಸೂರ್ಯನ ಉಯ್ಯಾಲೆಯನ್ನು ಜೀಕುವವರು ಯಾರು?

ಕುದುರೆಮುಖದ ಕಬ್ಬಿಣದ ಅದುರನ್ನು ಪುಡಿಮಾಡಿ, ಅದರ ಬಳಿ ಅಯಸ್ಕಾಂತವೊಂದನ್ನು ಹಿಡಿದರೆ ಕರಿಯ ಕಣಗಳು ಬಂದು ಅಂಟಿಕೊಳ್ಳುತ್ತವೆ. ಇದು ಮ್ಯಾಗ್ನೆಟೈಟ್; 2005ರ ಕೊನೆಯಲ್ಲಿ ಗಣಿಯ ಕೆಲಸ ನಿಲ್ಲುವವರೆಗೆ ಅಲ್ಲಿ ಅಗೆಯುತ್ತಿದ್ದುದು ಇದನ್ನೇ. ಈ ಅದುರನ್ನು ಸುಮಾರು 580 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದರೆ ಅದರ ಕಾಂತಗುಣ ಅಳಿದುಹೋಗುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆಯಾದರೋ ಸುಮಾರು 5,500 ಡಿಗ್ರಿ. ಆದರೂ ಸೂರ್ಯನ ಕಲೆಗಳಲ್ಲಿ ಪ್ರಬಲವಾದ ಕಾಂತಕ್ಷೇತ್ರವಿರುವುದನ್ನು 1908ರಲ್ಲಿ ಜಾರ್ಜ್ ಹೇಲ್ ಕಂಡುಹಿಡಿದರು. ಅದು ಎಲ್ಲಿಂದ ಬಂದಿತು?

ಸೈಕಲ್ಲಿನ ಡೈನಮೊದಲ್ಲಿ ಚಕ್ರದ ಚಲನೆ ವಿದ್ಯುತ್ತಾಗುವಂತೆ, ಸೂರ್ಯನಲ್ಲಿ ಅನಿಲದ ಚಲನೆ ಕಾಂತಶಕ್ತಿಯಾಗುತ್ತದೆ. ಈ ಅನಿಲವು ಸಮಭಾಜಕದಲ್ಲಿ ಸುಮಾರು 25 ದಿನಗಳಿಗೊಮ್ಮೆ, ಧ್ರುವಗಳ ಬಳಿ ಸುಮಾರು 35 ದಿನಗಳಿಗೊಮ್ಮೆ ಸುತ್ತುತ್ತದೆ. ಅದರೊಡನೆ ಸಾಗುವ ಕಾಂತರೇಖೆಗಳು ನೂಲಿನಂತೆ ಸುತ್ತಿಕೊಂಡು ಬಲಗೊಳ್ಳುತ್ತವೆ. ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚುತ್ತವೆ. ಪ್ರತಿಸಲವೂ ಕಾಂತಧ್ರುವಗಳು ಅದಲುಬದಲಾಗುವುದರಿಂದ ಪೂರ್ಣ ಆವರ್ತಕ್ಕೆ 22 ವರ್ಷ ಹಿಡಿಯುತ್ತದೆ. ಕಲೆಗಳೊಡನೆ ಸೌರಸ್ಫೋಟಗಳೂ ಹೆಚ್ಚುತ್ತವೆ. 1989ರ ಮಾರ್ಚಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತವು ಅಂಥದೊಂದರಿಂದ ಕತ್ತಲಲ್ಲಿ ಮುಳುಗಿತು.

ಈ ತಾಳವನ್ನು ಹಾಕುವವರು ಯಾರು? ಉಯ್ಯಾಲೆಯ ಮೇಲೆ ನಿಂತು ಜೀಕುವ ಹುಡುಗನನ್ನು ನಾವು ನೋಡಿದ್ದೇವೆ. ತುದಿಯಲ್ಲಿ ಕುಕ್ಕರಿಸಿ, ನಡುವೆ ಬಂದಾಗ ಎದ್ದು ನಿಲ್ಲುತ್ತಾನೆ. ಹೋಗಿ ಬರುವ ಒಂದು ಸುತ್ತಿನಲ್ಲಿ ಎರಡು ಬಾರಿ. ಹೊತ್ತು ಸರಿಯಾಗಿದ್ದರೆ ಅಲ್ಪಶ್ರಮದಿಂದಲೇ ಉಯ್ಯಾಲೆ ಮೇಲೇರುತ್ತದೆ. ಇದೇ ಅನುರಣನೆ.

ಶುಕ್ರ, ಭೂಮಿ, ಗುರು ಇವು ಸೂರ್ಯನೊಡನೆ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುವ ಅವಧಿ 11.07 ವರ್ಷ, ಎಂದರೆ 22 ವರ್ಷಗಳಲ್ಲಿ ಎರಡು ಬಾರಿ! ಈ ಸೆಳೆತವೇ ಸೂರ್ಯನಿಗೆ ತಾಳವೆಂದು ಜರ್ಮನಿಯ ಫ್ರಾಂಕ್ ಸ್ಟೆಫಾನಿ ಮತ್ತು ಅವರ ಸಂಗಡಿಗರು ವಾದಿಸುತ್ತಾರೆ. ಆದರೆ ಗ್ರಹಗಳು ಸೂರ್ಯನಲ್ಲಿ ಎಬ್ಬಿಸುವ ಉಬ್ಬರವು ಒಂದು ಮಿಲಿಮೀಟರಿನಷ್ಟು ಮಾತ್ರ. ಬಹುಮಂದಿ ಖಗೋಳಜ್ಞರು ಈ ವಾದವನ್ನು ಒಪ್ಪಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರ್ನಬ್ ರಾಯ್ ಚೌಧುರಿ ಮತ್ತು ಅವರ ಸಂಗಡಿಗರು ಗ್ರಹಗಳನ್ನು ಲೆಕ್ಕಕ್ಕೆ ಹಿಡಿಯದೆ, ಸೂರ್ಯಧ್ರುವಗಳ ಕಾಂತಕ್ಷೇತ್ರವನ್ನೇ ಆಧರಿಸಿ, ಬರಲಿರುವ 24ನೆಯ ಆವರ್ತವು ಹಿಂದಿನದಕ್ಕಿಂತ ಶೇಕಡಾ 35ರಷ್ಟು ದುರ್ಬಲವಾಗುವುದೆಂದು 2007ರಲ್ಲಿ ಹೇಳಿದರು. 2014ರಲ್ಲಿ ಅದು ಶಿಖರಕ್ಕೇರಿದಾಗ ಹೆಚ್ಚುಕಡಿಮೆ ಹಾಗೆಯೇ ಆಯಿತು. ಬಲಾಬಲವು ಸೂರ್ಯನ ಒಳಗೇ ನಿರ್ಧಾರವಾಗುವುದೆಂಬುದಕ್ಕೆ ಇದೊಂದು ಸಾಕ್ಷಿ. ತಾಳದ ಪ್ರಶ್ನೆ ಬೇರೆಯೇ ಉಳಿಯಿತು.

ಅದಕ್ಕೊಂದು ಪರೀಕ್ಷೆಯುಂಟು. ತಡವಾದ ಆವರ್ತದ ಮುಂದಿನದು ಬೇಗ ಮುಗಿದು ಲೆಕ್ಕವನ್ನು ಸರಿದೂಗಿಸಿದರೆ, ತಾಳ ಹೊರಗಿನದೆಂದು ತಿಳಿಯಬಹುದು. ತಡಗಳು ಕೂಡುತ್ತಲೇ ಹೋದರೆ, ಸೂರ್ಯನು ತನ್ನ ಉಯ್ಯಾಲೆಯನ್ನು ತಾನೇ ಜೀಕಿಕೊಳ್ಳುತ್ತಿದ್ದಾನೆ. ಕೊಡೈಕೆನಾಲಿನಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ತೆಗೆದಿರುವ ಸೂರ್ಯನ ಚಿತ್ರಗಳು ಈ ಲೆಕ್ಕಕ್ಕೆ ಒದಗುವ ದಿನಚರಿಯಾಗಿವೆ.