ಸಂಬಳವಿಲ್ಲದ ವಿಜ್ಞಾನ ಶಿಕ್ಷಣ

ಕೊಡೈಕಾನಲ್ ಬೆಟ್ಟದ ಮೇಲಿರುವ ಸೌರ ವೀಕ್ಷಣಾಲಯವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಕಂಡಿರಬಹುದು. 1899ರಲ್ಲಿ ಸ್ಥಾಪಿತವಾದ ಅಲ್ಲಿಯೇ ಜಾನ್ ಎವರ್‌ಶೆಡ್ ಎಂಬ ವಿಜ್ಞಾನಿಯು 1909ರಲ್ಲಿ ಸೂರ್ಯನ ಕಲೆಗಳೊಳಗೆ ಅನಿಲವು ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದನು. ಅದನ್ನು ನೋಡಿ ಬಂದ ಮಗುವು ತಾನೂ ವಿಜ್ಞಾನಿಯಾಗುವೆನೆಂದರೆ ತಂದೆತಾಯಿಗಳು ಹಿಗ್ಗುವುದು ಸಹಜ. ಆದರೆ ಆ ದಾರಿಯಲ್ಲೊಂದು ಸುಂಕದ ಕಟ್ಟೆಯಿದೆ.

ಕಾಲೇಜಿನಲ್ಲಿ ವಿಜ್ಞಾನವನ್ನೋದುವವರು ರಜೆಯಲ್ಲಿ ಒಂದೆರಡು ತಿಂಗಳು ಯಾವುದಾದರೊಂದು ಪ್ರಯೋಗಾಲಯದಲ್ಲಿ ಕೆಲಸ ಕಲಿಯುವುದುಂಟು. ಇದಕ್ಕೆ ಇಂಟರ್ನ್‌ಷಿಪ್ ಎಂದು ಹೆಸರು. ಮುಂದಿನ ವ್ಯಾಸಂಗಕ್ಕೆ ಅರ್ಜಿ ಹಾಕುವಾಗ ಈ ಅನುಭವಕ್ಕೂ ಅಲ್ಲಿನ ಪ್ರಾಧ್ಯಾಪಕರ ಶಿಫಾರಸು ಪತ್ರಕ್ಕೂ ಬಹಳ ಬೆಲೆ. ಆದರೆ ಇಂಥ ಅನೇಕ ಸ್ಥಾನಗಳಿಗೆ ಕಾಸಿನ ಸಂಬಳವಿಲ್ಲ. ಕೆಲಸ ಕಲಿಸುವುದೇ ಉಪಕಾರವಾಗಿರುವಾಗ ಹಣವೇಕೆಂದು ಕೇಳುವವರಿದ್ದಾರೆ.

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಮನೆಮಾತು ಕನ್ನಡವಾಗಿರುವ ಒಂದು ಕುಟುಂಬವನ್ನು ಭಾವಿಸಿರಿ. ತಂದೆಗೆ ದ್ರಾಕ್ಷಿ ತೋಟದಲ್ಲಿ ಕೂಲಿ; ತಾಯಿಯು ನಸುಕಿನಲ್ಲಿಯೇ ಜೀಪನ್ನೇರಿ ಗಡಿಯಾಚೆ ಇಡುಕ್ಕಿಯ ಏಲಕ್ಕಿ ತೋಟಕ್ಕೆ ಹೋಗುತ್ತಾಳೆ. ಮಗಳಿಗೆ ಬೆಂಗಳೂರಿನಲ್ಲಿ ಸಂಬಳವಿಲ್ಲದ ಸ್ಥಾನ ದೊರೆಯಿತು. ಬಸ್ಸಿನ ಖರ್ಚು, ಕೊಠಡಿಯ ಬಾಡಿಗೆ, ಎರಡು ಹೊತ್ತಿನ ಊಟ, ಎಲ್ಲವೂ ಮನೆಯಿಂದಲೇ ಹೋಗಬೇಕು. ರಜೆಯಲ್ಲಿ ಅವಳು ದುಡಿದು ತರುತ್ತಿದ್ದ ಕೂಲಿಯೂ ತಪ್ಪಿತು. ಹೀಗೆ ಪ್ರಯೋಗಾಲಯದ ವೆಚ್ಚದಲ್ಲೊಂದು ಪಾಲನ್ನು ಏಲಕ್ಕಿ ಕೀಳುವ ತಾಯಿ ತೆರುತ್ತಾಳೆ. ಅವಳಿಂದ ತೆರಲಾಗದಿದ್ದರೆ ಮಗಳು ಊರಿನಲ್ಲಿಯೇ ಉಳಿಯುತ್ತಾಳೆ. ಆ ಸ್ಥಾನವು ಬೆಂಗಳೂರಿನಲ್ಲಿ ಸ್ವಂತ ಮನೆಯುಳ್ಳವರ ಮಗನಿಗೆ ಸಲ್ಲುತ್ತದೆ. ಇಬ್ಬರಲ್ಲಿ ಜಾಣರು ಯಾರೆಂದು ಕೇಳಿದವರೇ ಇಲ್ಲ!

ಸರ್ ಸಿ. ವಿ. ರಾಮನ್ನರೂ ಸಂಬಳವಿಲ್ಲದೆ ಸಂಶೋಧನೆ ಮಾಡಲಿಲ್ಲವೆ? ನಿಜ, 1907ರಲ್ಲಿ ಕಲ್ಕತ್ತೆಗೆ ಹೋದ ಅವರು ಕಚೇರಿಯ ವೇಳೆಗೆ ಹಿಂದೆ ಮುಂದೆ ಅಲ್ಲಿನ ವಿಜ್ಞಾನ ಸಂವರ್ಧನ ಸಂಘದಲ್ಲಿ ದುಡಿಯುತ್ತಿದ್ದರು. ಆದರೆ ಆ ಕಚೇರಿ ಸರ್ಕಾರದ ಹಣಕಾಸು ಇಲಾಖೆಯದು. ಸಂಬಳ ತಪ್ಪದೆ ಬರುತ್ತಿತ್ತು. ಕಮ್ಮಾರನ ಮಗನಾದ ಫ್ಯಾರಡೆಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ 1813ರಲ್ಲಿ ವಾರದ ಸಂಬಳದೊಡನೆ ವಾಸಕ್ಕೆ ಕೊಠಡಿಗಳನ್ನೂ ಕೊಟ್ಟಿತು. ಇಲ್ಲವಾಗಿದ್ದರೆ ಅವನು ಪುಸ್ತಕಗಳಿಗೆ ರಟ್ಟು ಕಟ್ಟುತ್ತಲೇ ಇರುತ್ತಿದ್ದನೋ ಏನೋ.

ಕೇಂದ್ರ ಸರ್ಕಾರವು 2023ರಲ್ಲಿ ಕಿರಿಯ ಸಂಶೋಧಕರ ಶಿಷ್ಯವೇತನವನ್ನು ತಿಂಗಳಿಗೆ 37,000 ರೂಪಾಯಿಗೆ ಏರಿಸಿತು. ಮೇಲಿನ ಮೆಟ್ಟಿಲಿಗೆ ಹಣವುಂಟು, ಕೆಳಗಿನದಕ್ಕಿಲ್ಲವೆಂಬುದು ವಿಚಿತ್ರವೇ ಸರಿ.

ಎಲ್ಲ ಬಾಗಿಲುಗಳೂ ಮುಚ್ಚಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳೊಡನೆ ಕೂಡಿ ನಡೆಸುವ ಬೇಸಗೆಯ ಸಂಶೋಧನ ಫೆಲೋಷಿಪ್ಪಿನಲ್ಲಿ ಶಿಷ್ಯವೇತನವೂ ಪ್ರಯಾಣದ ಖರ್ಚೂ ದೊರೆಯುತ್ತವೆ. ಬೇರೆಡೆಯಿಂದ ಕರೆ ಬಂದಾಗ ವೇತನವೆಷ್ಟು, ವಸತಿ ಯಾರದು ಎಂದು ಮಕ್ಕಳು ಮೊದಲೇ ಕೇಳಲಿ. ಹಾಗೆ ಕೇಳುವುದು ಅವಿನಯವೆಂದು ಹಿರಿಯರು ಗದರಿಸದಿರಲಿ. ಅಕಾಡೆಮಿಯ ಸ್ಥಾನಗಳಿಗೆ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಅರ್ಜಿ ಕಳುಹಿಸಬೇಕಾಗುತ್ತದೆ.