ಕಾರಿನಲ್ಲಿ ಮಗುವಿಗೆ ಅಮ್ಮನ ಮಡಿಲೇ ಸುರಕ್ಷಿತವೇ?

ಭಟ್ಕಳ, ತೆಂಗಿನಗುಂಡಿ, ಮುರುಡೇಶ್ವರ ಕಡೆಯ ಅನೇಕ ಕುಟುಂಬಗಳು ಗಲ್ಫ್‌ನಿಂದ ರಜೆಗೆ ಬರುವಾಗ ಮಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿದು, ಟ್ಯಾಕ್ಸಿ ಹಿಡಿದು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಊರು ಸೇರುತ್ತವೆ. ಹಿಂದಿನ ದಿನದವರೆಗೂ ದುಬೈಯಲ್ಲಿ ಕಾರು ಹತ್ತಿದ ಕೂಡಲೇ ಚೈಲ್ಡ್ ಸೀಟಿನಲ್ಲಿ ಕೂರುತ್ತಿದ್ದ ಮಗು ಇಲ್ಲಿ ಅಮ್ಮನ ತೊಡೆಯ ಮೇಲೆ. ಯುಎಇಯಲ್ಲಿ 4 ವರ್ಷದವರೆಗಿನ ಮಕ್ಕಳಿಗೆ ಈ ಸೀಟು 2017ರ ಜುಲೈಯಿಂದ ಕಡ್ಡಾಯ. ತಪ್ಪಿದರೆ 400 ದಿರ್ಹಂ ದಂಡ. 'ನಮ್ಮಲ್ಲಿ ಅದೆಲ್ಲ ಇಲ್ಲವಲ್ಲ, ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು' ಎನ್ನುವುದು ಸಾಮಾನ್ಯ ನಂಬಿಕೆ. ಇದರಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು, ನಮ್ಮಲ್ಲೂ ಕಾನೂನು ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟಿನಿಂದ ಭದ್ರಪಡಿಸದೆ ವಾಹನ ಓಡಿಸಿದರೆ 1,000 ರೂಪಾಯಿ ದಂಡ. ದಂಡ ಬೀಳುವುದು ಓಡಿಸುವವನಿಗೆ. ಆದರೆ ಕಾಯ್ದೆಯ ಆ 'ಅಥವಾ' ಎಂಬ ಪದ ನಮಗೆ ಅಷ್ಟು ಹಿಡಿಸುವುದಿಲ್ಲ. ದೊಡ್ಡವರ ಅಳತೆಯ ಬೆಲ್ಟನ್ನು ಮೂರು ವರ್ಷದ ಮಗುವಿಗೆ ಹಾಕಿದರೆ ಮೇಲಿನ ಪಟ್ಟಿ ಕುತ್ತಿಗೆಗೆ, ಕೆಳಗಿನ ಪಟ್ಟಿ ಸೊಂಟದ ಮೂಳೆಯ ಬದಲು ಮೆತ್ತನೆಯ ಹೊಟ್ಟೆಗೆ ಬರುತ್ತದೆ. ದಂಡ ತಪ್ಪುತ್ತದೆ, ಪೆಟ್ಟು ತಪ್ಪುವುದಿಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಒಂದು ಸಣ್ಣ ಲೆಕ್ಕ ಹಾಕೋಣ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದೆ, ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿನ ಲಾರಿಗೋ ಮರಕ್ಕೋ ಗುದ್ದಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. ಕಾರು ನಿಂತರೂ ಒಳಗಿನ ಮಗು ಅದೇ ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ. 10 ಕೆ.ಜಿ.ಯ ಮಗುವನ್ನು ಅಷ್ಟರೊಳಗೆ ತಡೆಯಲು ಅದರ ತೂಕದ 14 ಪಟ್ಟು ಬಲ ಬೇಕು. ಅಂದರೆ 140 ಕೆ.ಜಿ.ಯನ್ನು, ಹತ್ತಿರಹತ್ತಿರ ಮೂರು ಮೂಟೆ ಅಕ್ಕಿಯನ್ನು, ಕಣ್ಣು ಮಿಟುಕಿಸುವುದರೊಳಗೆ ತೋಳಿನಲ್ಲಿ ಹಿಡಿದಂತೆ. ಯಾವ ಅಮ್ಮನಿಗೂ ಇದು ಸಾಧ್ಯವಿಲ್ಲ. ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ. ಅಮ್ಮ ಬೆಲ್ಟ್ ಹಾಕಿರದಿದ್ದರೆ ಅವರ ಇಡೀ ಭಾರ ಮಗುವಿನ ಮೇಲೆ ಬೀಳುತ್ತದೆ. ಒಂದೇ ಬೆಲ್ಟಿನೊಳಗೆ ಇಬ್ಬರೂ ಕೂತರೆ ಬೆಲ್ಟ್ ಮತ್ತು ಅಮ್ಮನ ನಡುವೆ ಮಗು ನಲುಗುತ್ತದೆ. ವೇಗ 80 ಆದರೆ ಹೊಡೆತದ ಶಕ್ತಿ ಎರಡೂವರೆ ಪಟ್ಟು. ಇನ್ನು 'ಇಲ್ಲೇ ಭಟ್ಕಳ ಪೇಟೆಗೆ ಹೋಗಿ ಬರುವುದಲ್ಲವೇ' ಎನ್ನುವವರಿಗೆ: ನಾವು ಮೊದಲು ಲೆಕ್ಕ ಹಾಕಿದ 50 ಕಿ.ಮೀ. ಪೇಟೆಗೆ ಹೋಗುವಾಗಿನ ವೇಗವೇ.

ಸೀಟಿನಿಂದ ನಿಜವಾಗಿ ಉಪಯೋಗವಿದೆಯೇ? ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜಿನಂತೆ, ಕಾರುಗಳಲ್ಲಿ ಇದು ಸಾವಿನ ಅಪಾಯವನ್ನು ಒಂದು ವರ್ಷದೊಳಗಿನ ಶಿಶುಗಳಲ್ಲಿ 71%, 1ರಿಂದ 4 ವರ್ಷದವರಲ್ಲಿ 54% ತಗ್ಗಿಸುತ್ತದೆ. ಚಿಕ್ಕ ಮಕ್ಕಳನ್ನು ಹಿಂದಕ್ಕೆ ಮುಖ ಮಾಡಿ ಕೂರಿಸುವುದಕ್ಕೂ ಕಾರಣವಿದೆ. ನವಜಾತ ಶಿಶುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ಕುತ್ತಿಗೆ ಮಾತ್ರ ಎಳಸು. ಮುಂದಕ್ಕೆ ಮುಖ ಮಾಡಿದ್ದರೆ ಮೈ ಪಟ್ಟಿಯಲ್ಲಿ ನಿಂತು, ತಲೆ ಜೋರಾಗಿ ಮುಂದಕ್ಕೆ ಎಗರುತ್ತದೆ. ಹಿಂದಕ್ಕೆ ಮುಖವಿದ್ದರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಯುರೋಪಿನ ಹೊಸ ಮಾನದಂಡ ಕನಿಷ್ಠ 15 ತಿಂಗಳವರೆಗೆ ಹೀಗೇ ಕೂರಿಸಬೇಕೆನ್ನುತ್ತದೆ. ಆದರೆ ಇಂಥ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇಡಲೇಬಾರದು. ಏರ್‌ಬ್ಯಾಗ್ ಸಿಡಿದರೆ ನೇರ ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂಭಾಗಕ್ಕೆ ಗುದ್ದುತ್ತದೆ.

ಸೀಟು ತಂದವರೂ ಎಡವುವುದು ಅಳವಡಿಕೆಯಲ್ಲಿ. ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿ ಕಲಿಸಿಕೊಡಲು ಪ್ರಮಾಣಪತ್ರ ಪಡೆದ ತಂತ್ರಜ್ಞರಿದ್ದಾರೆ. ಅಂಥ ಜಾಲ ನಮ್ಮಲ್ಲಿ ಬೆಳೆದಿಲ್ಲ. ಕಾರಿನ ಕೈಪಿಡಿ, ಸೀಟಿನ ಕೈಪಿಡಿ, ಕಾರು ಕಂಪನಿಯ ಸರ್ವಿಸ್ ಸೆಂಟರ್ ಇವೇ ಆಸರೆ. ಮೊದಲು ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗದ ನಡುವಿನ ಸಂದಿಯಲ್ಲಿ ಕೈಯಾಡಿಸಿ. ಐಸೋಫಿಕ್ಸ್ ಎಂಬ ಉಕ್ಕಿನ ಕೊಂಡಿಗಳು ಸಿಕ್ಕರೆ, ಮತ್ತು ನಿಮ್ಮ ಸೀಟಿಗೂ ಆ ಸೌಲಭ್ಯವಿದ್ದರೆ, ಕೆಲಸ ಸುಲಭ. 'ಕ್ಲಿಕ್' ಎನ್ನುವವರೆಗೆ ಒತ್ತಿದರಾಯಿತು. ಇಲ್ಲದಿದ್ದರೆ ಕಾರಿನ ಬೆಲ್ಟಿನಿಂದಲೇ ಕಟ್ಟಬೇಕು. ಯುರೋಪ್ ಮಾದರಿಯ ಸೀಟುಗಳಲ್ಲಿ ಬೆಲ್ಟ್ ಹಾಯಬೇಕಾದ ದಾರಿಗೆ ಬಣ್ಣ ಬಳಿದಿರುತ್ತಾರೆ: ಹಿಂಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಸೀಟಿನ ಮೇಲೆ ಮೊಣಕಾಲೂರಿ, ಭಾರ ಹಾಕಿ ಬೆಲ್ಟ್ ಎಳೆಯಿರಿ. ಆಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಒಂದು ಇಂಚಿಗಿಂತ ಹೆಚ್ಚು ಕದಲಿದರೆ ಮತ್ತೆ ಬಿಗಿ ಮಾಡಿ. ಮಗುವಿನ ಹೆಗಲ ಮೇಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದಾಗ ಮಡಿಕೆ ಸಿಗಬಾರದು. ಕರಾವಳಿಯ ಬಿಸಿಲಲ್ಲಿ ನಿಂತ ಕಾರಿನ ಬಕಲ್ ಕಾದು ಚುರುಕು ಮುಟ್ಟಿಸುತ್ತದೆ, ಕೂರಿಸುವ ಮೊದಲು ಮುಟ್ಟಿ ನೋಡಿ.

ನೆಂಟರ ಮನೆಯ ಹಳೆಯ ಸೀಟು ಪಡೆಯುವುದಾದರೆ, ಅದು ಅಪಘಾತ ಕಂಡಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಕಂಡಿದ್ದರೆ ಬೇಡ.

ಕಾರಿಲ್ಲದ ಮನೆಗಳಲ್ಲಿ ಸ್ಕೂಟರೇ ವಾಹನ. 2023ರ ಫೆಬ್ರವರಿ 15ರಿಂದ ಅದಕ್ಕೂ ನಿಯಮವಿದೆ: 4 ವರ್ಷದೊಳಗಿನ ಮಗುವನ್ನು ಸವಾರನಿಗೆ ಜೋಡಿಸುವ ಸುರಕ್ಷಾ ಪಟ್ಟಿ, 9 ತಿಂಗಳಿಂದಲೇ ತಲೆಗೆ ಸರಿಹೊಂದುವ ಹೆಲ್ಮೆಟ್, ವೇಗ 40 ಕಿ.ಮೀ. ಮೀರಬಾರದು.

ಟ್ಯಾಕ್ಸಿ ಹೇಳುವವರಿಗೆ ಒಂದು ಮಾತು. ಅನೇಕ ಟ್ಯಾಕ್ಸಿಗಳಲ್ಲಿ ಹಿಂದಿನ ಸೀಟಿನ ಬಕಲ್‌ಗಳು ಸೀಟ್ ಕವರಿನಡಿ ಹೂತುಹೋಗಿರುತ್ತವೆ. ಫೋನಿನಲ್ಲಿ ಬಾಡಿಗೆ ಮಾತಾಡುವಾಗಲೇ 'ಹಿಂದಿನ ಬೆಲ್ಟ್ ಹೊರಗೆ ತೆಗೆದಿಟ್ಟು ಬನ್ನಿ ಅಣ್ಣಾ, ಮಗುವಿನ ಸೀಟು ಕಟ್ಟಬೇಕು' ಎಂದುಬಿಡಿ.